ವಾರ್ಡಿನಲ್ಲಿ ಸೊನ್ನೆ, ಓಣಿಯಲ್ಲಿ ನೂರು

ಪುಣೆಯಲ್ಲಿ ನನ್ನದು ನಕ್ಷೆಗಳ ಕೆಲಸ. ನಗರ ಯೋಜನೆಗೆ ಸಲಹೆ ಕೊಡುವ ಒಂದು ಸಣ್ಣ ಕಂಪನಿ. ಯಾವ ವಾರ್ಡಿನಲ್ಲಿ ಎಷ್ಟು ಜನ, ಶಾಲೆ ಎಷ್ಟು ದೂರ, ನೀರಿನ ಪೈಪು ಎಲ್ಲಿಯವರೆಗೆ ಬಂದಿದೆ ಎಂದೆಲ್ಲ ಲೆಕ್ಕ ಹಾಕಿ ನಕ್ಷೆಗೆ ಬಣ್ಣ ತುಂಬುತ್ತೇವೆ. ಹನ್ನೊಂದು ವರ್ಷದಿಂದ ಇದೇ ಕಸುಬು. ಈ ಕಸುಬಿನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆಯ ಬಗ್ಗೆ ಹೊರನಾಡಿನಲ್ಲಿರುವ ನಮ್ಮವರ ಜತೆ ಮಾತಾಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಒಂದು ಊರಿನಲ್ಲಿ ಬೇರೆ ಬೇರೆ ಜಾತಿ, ಧರ್ಮದ ಜನ ಬೆರೆತು ಬದುಕುತ್ತಿದ್ದಾರೋ ಅಥವಾ ಒಬ್ಬರಿಂದೊಬ್ಬರು ದೂರ ಉಳಿದು ಬದುಕುತ್ತಿದ್ದಾರೋ? ಅದನ್ನು ಅಂಕಿಯಲ್ಲಿ ಹೇಳುವುದು ಹೇಗೆ? ಪರಊರಿನಲ್ಲಿ ಬಾಡಿಗೆ ಮನೆಗಾಗಿ ಬಾಗಿಲು ತಟ್ಟಿದ ಯಾರಿಗೂ ಇದು ಬರೀ ಗಣಿತದ ಪ್ರಶ್ನೆ ಅಲ್ಲ.

ಅಳೆಯುವ ಸೂತ್ರ ಹಳೆಯದು, ಹೈಸ್ಕೂಲು ಗಣಿತ ಸಾಕು. ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಮತ್ತು ಬಿಳಿ ಜನರ ವಸತಿಗಳ ನಡುವಿನ ದೂರವನ್ನು ಅಳೆಯಲು ಹೊರಟ ಒಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್ ದಂಪತಿ, ಆ ಹೊತ್ತಿಗೆ ಬಳಕೆಯಲ್ಲಿದ್ದ ಹಲವು ಸೂತ್ರಗಳನ್ನು ಒರೆಗೆ ಹಚ್ಚಿ 1955ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿಂದ ಮುಂದೆ ಡಿಸ್ಸಿಮಿಲಾರಿಟಿ ಇಂಡೆಕ್ಸ್ ಎಂಬುದು ಈ ವಿಷಯದ ಮೊದಲ ಅಳತೆಗೋಲಾಯಿತು. ಕನ್ನಡದಲ್ಲಿ ಭಿನ್ನತಾ ಸೂಚ್ಯಂಕ ಎನ್ನೋಣ. ಲೆಕ್ಕ ಹೀಗೆ: ಊರಿನಲ್ಲಿರುವ ಒಂದು ಗುಂಪಿನವರಲ್ಲಿ ಶೇಕಡಾ ಎಷ್ಟು ಮಂದಿ ಈ ವಾರ್ಡಿನಲ್ಲಿದ್ದಾರೆ, ಉಳಿದವರಲ್ಲಿ ಶೇಕಡಾ ಎಷ್ಟು ಮಂದಿ ಇದೇ ವಾರ್ಡಿನಲ್ಲಿದ್ದಾರೆ ಎಂದು ನೋಡಿ. ಎರಡರ ವ್ಯತ್ಯಾಸ ಬರೆದುಕೊಳ್ಳಿ. ಎಲ್ಲ ವಾರ್ಡುಗಳ ವ್ಯತ್ಯಾಸ ಕೂಡಿಸಿ ಅರ್ಧ ಮಾಡಿ. ಸೊನ್ನೆ ಬಂದರೆ ಪೂರ್ತಿ ಬೆರೆತ ಊರು, ನೂರು ಬಂದರೆ ಪೂರ್ತಿ ಬೇರ್ಪಟ್ಟ ಊರು. ಮಧ್ಯೆ 60 ಬಂತು ಅನ್ನಿ. ಎಲ್ಲ ವಾರ್ಡಿನಲ್ಲೂ ಒಂದೇ ಪ್ರಮಾಣ ಆಗಬೇಕಾದರೆ ಆ ಗುಂಪಿನ ನೂರಕ್ಕೆ ಅರವತ್ತು ಮಂದಿ ಮನೆ ಬದಲಿಸಬೇಕು ಎಂದರ್ಥ.

ಇಲ್ಲಿಯವರೆಗೆ ತಕರಾರಿಲ್ಲ. ಈಗ ಒಂದು ಕಾಲ್ಪನಿಕ ಊರು ತಗೊಳ್ಳಿ. ಜನಸಂಖ್ಯೆ 1000. ಒಂದು ಗುಂಪಿನವರು 200, ಉಳಿದವರು 800. ಊರಿಗೆ ನಾಲ್ಕು ವಾರ್ಡು. ಪ್ರತಿ ವಾರ್ಡಿನಲ್ಲೂ ಆ ಗುಂಪಿನವರು ಸರಿಯಾಗಿ 50, ಉಳಿದವರು ಸರಿಯಾಗಿ 200. ಎಲ್ಲ ಕಡೆ ಒಂದೇ ಪ್ರಮಾಣ ಇರುವುದರಿಂದ ಸೂಚ್ಯಂಕ ಸೊನ್ನೆ. ಕಾರ್ಪೊರೇಟರ್ ಭಾಷಣದಲ್ಲಿ "ನಮ್ಮದು ಸರ್ವಜನಾಂಗದ ಊರು" ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಆ ವಾರ್ಡಿನ ಒಳಗೆ ಕಾಲಿಡಿ. ಪ್ರತಿ ವಾರ್ಡಿನಲ್ಲಿ ಐದು ಓಣಿ, ಓಣಿಗೆ 50 ಜನ. ಆ ಗುಂಪಿನ 50 ಮಂದಿಯೂ ಒಂದೇ ಓಣಿಯಲ್ಲಿದ್ದಾರೆ. ಉಳಿದ ನಾಲ್ಕು ಓಣಿಗಳಲ್ಲಿ ಅವರ ಒಂದು ಮನೆಯೂ ಇಲ್ಲ. ನಾಲ್ಕೂ ವಾರ್ಡಿನಲ್ಲಿ ಇದೇ ಕಥೆ. ಅದೇ ಸೂತ್ರವನ್ನು ಈಗ ಓಣಿಗಳಿಗೆ ಹಚ್ಚಿದರೆ ಬರುವ ಉತ್ತರ 100. ಜನ ಅವರೇ, ಮನೆ ಅವೇ, ಎಣಿಸಿದ ರಾತ್ರಿಯೂ ಅದೇ. ಗೆರೆ ಎಲ್ಲಿ ಎಳೆದೆವು ಎಂಬುದಷ್ಟೇ ಬದಲಾಯಿತು.

ಇದು ಬೋರ್ಡಿನ ಮೇಲಿನ ಲೆಕ್ಕ ಮಾತ್ರ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ಜನಗಣತಿಯವರು ನಗರಗಳ ಪರಿಶಿಷ್ಟ ಜಾತಿ, ಪಂಗಡದ ಅಂಕಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುವುದು ವಾರ್ಡಿನ ಮಟ್ಟದವರೆಗೆ. ವಾರ್ಡು ಎಂದರೆ ಎಷ್ಟು ದೊಡ್ಡದು? 2011ರಲ್ಲಿ ಬೆಂಗಳೂರು ಪಾಲಿಕೆಯಲ್ಲಿ 198 ವಾರ್ಡು, ಸುಮಾರು 84 ಲಕ್ಷ ಜನ. ಸರಾಸರಿ ವಾರ್ಡಿಗೆ ನಲವತ್ತು ಸಾವಿರಕ್ಕೂ ಹೆಚ್ಚು. ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರದಷ್ಟು ಜನ. ಅದನ್ನು 'ನೆರೆಹೊರೆ' ಎಂದು ಕರೆಯುವುದೇ ತಮಾಷೆ.

ಹಾಗಿದ್ದೂ ವಾರ್ಡಿನ ಅಂಕಿಯಲ್ಲೇ ಸಾಕಷ್ಟು ಕಂಡಿದೆ. 2001ರ ಗಣತಿ ಇಟ್ಟುಕೊಂಡು ತ್ರಿನಾ ವಿತಯತ್ತಿಲ್ ಮತ್ತು ಗಾಯತ್ರಿ ಸಿಂಗ್ ದೇಶದ ಏಳು ದೊಡ್ಡ ನಗರಗಳನ್ನು ಅಳೆದು, 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬರೆದರು. ದುಡ್ಡಿನ ಅಂತರಕ್ಕಿಂತ ಜಾತಿಯ ಅಂತರವೇ ವಸತಿಯಲ್ಲಿ ಹೆಚ್ಚು ಎದ್ದು ಕಾಣುತ್ತದೆ ಎಂಬುದು ಅವರ ಲೆಕ್ಕ. ಬಡವರು ಒಂದು ಕಡೆ, ಶ್ರೀಮಂತರು ಒಂದು ಕಡೆ ಇರುವುದು ಸಹಜ, ಅದನ್ನೇ ಜಾತಿ ಎಂದು ತಪ್ಪು ತಿಳಿಯುತ್ತೀರಿ ಎನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಅವರಿಗೆ ನಾನು ಮೊದಲು ಕೊಡುವುದು ಈ ಲೇಖನ.

ಆಮೇಲೆ ಬಂದದ್ದು ಬೆಂಗಳೂರಿನ ಐಐಎಂ ಬಳಗದ ಕೆಲಸ. ನವೀನ್ ಭಾರತಿ, ದೀಪಕ್ ಮಲಘಾಣ ಮತ್ತು ಅಂದಲೀಬ್ ರಹಮಾನ್ ವಾರ್ಡನ್ನು ಬಿಟ್ಟು ಗಣತಿ ಬ್ಲಾಕಿಗೆ ಇಳಿದರು. ಗಣತಿಯ ಸಮಯದಲ್ಲಿ ಒಬ್ಬ ಮೇಷ್ಟ್ರು ಅಥವಾ ಅಂಗನವಾಡಿ ಟೀಚರು ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಾರಲ್ಲ, ಅವರೊಬ್ಬರ ಪಾಲಿಗೆ ಬರುವ ನೂರು, ನೂರಿಪ್ಪತ್ತೈದು ಮನೆಗಳೇ ಒಂದು ಬ್ಲಾಕು. ಆರೇಳು ನೂರು ಜನ. ಸಕ್ಕರೆ ಸಾಲ ಕೇಳುವಷ್ಟು ದೂರ. ಬೆಂಗಳೂರು, ಚೆನ್ನೈ, ದೆಹಲಿ, ಕೋಲ್ಕತ್ತ, ಮುಂಬೈಗಳ 2011ರ ಬ್ಲಾಕ್ ಅಂಕಿ ಹಿಡಿದು ಅವರು ಎರಡು ಲೆಕ್ಕ ಮಾಡಿದರು: ವಾರ್ಡುಗಳು ನಗರಕ್ಕಿಂತ ಎಷ್ಟು ಭಿನ್ನ? ಬ್ಲಾಕುಗಳು ತಮ್ಮ ವಾರ್ಡಿಗಿಂತ ಎಷ್ಟು ಭಿನ್ನ? ಸಾಮಾನ್ಯ ವಾರ್ಡೊಂದರಲ್ಲಿ ಎರಡನೆಯದೇ ಹೆಚ್ಚು. ಅಂದರೆ ಬೇರ್ಪಡಿಕೆಯ ದೊಡ್ಡ ಪಾಲು ಇರುವುದು ವಾರ್ಡಿನ ಒಳಗೆ. ಸರ್ಕಾರದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ.

ಪುಣೆಯಲ್ಲಿ ಇದನ್ನು ನೋಡಲು ಲೆಕ್ಕವೂ ಬೇಕಿಲ್ಲ. ಪರ್ವತಿ ಗುಡ್ಡದ ಇಳಿಜಾರಿನಲ್ಲಿ ಜನತಾ ವಸಾಹತ್ ಇದೆ, ನಗರದ ದೊಡ್ಡ ಕೊಳೆಗೇರಿಗಳಲ್ಲಿ ಒಂದು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಸಹಕಾರನಗರದ ಬಂಗಲೆಗಳು, ಮಾವಿನ ಮರಗಳು. ಇವೆರಡನ್ನೂ ಒಂದು ಗೆರೆಯೊಳಗೆ ಹಾಕಿ ಸರಾಸರಿ ತೆಗೆದರೆ ಬರುವ ಮನುಷ್ಯ ಎಲ್ಲೂ ವಾಸಿಸುವುದಿಲ್ಲ. ನಾನಿರುವ ಸೊಸೈಟಿಯನ್ನೇ ನೋಡಿ. ಆರು ಟವರು, ಗೋಡೆಯಾಚೆ ತಗಡಿನ ಮನೆಗಳ ವಸ್ತಿ. ನಮ್ಮ ಮನೆಗೆಲಸದ ಬಾಯಿ ಬೆಳಿಗ್ಗೆ ಏಳಕ್ಕೆ ಬಂದು ಸಂಜೆಯವರೆಗೆ ಇದೇ ಕಟ್ಟಡಗಳಲ್ಲಿ ಐದು ಮನೆ ಕೆಲಸ ಮಾಡುತ್ತಾರೆ. ದಿನದ ಹೆಚ್ಚು ಹೊತ್ತು ಅವರು ಇಲ್ಲೇ ಇದ್ದರೂ ಗಣತಿ ಎಣಿಸುವುದು ರಾತ್ರಿ ಮಲಗುವ ಜಾಗವನ್ನು. ಹಗಲು ಬೆರೆತಂತೆ ಕಾಣುತ್ತೇವೆ, ನಿಜ. ಆದರೆ ಅವರು ಹತ್ತುವ ಲಿಫ್ಟ್ ಬೇರೆ. ಆ ಲಿಫ್ಟನ್ನು ಅಳೆಯುವ ಸೂತ್ರ ಇನ್ನೂ ನನ್ನ ಕಂಪ್ಯೂಟರಿನಲ್ಲಿಲ್ಲ.

ಹಳ್ಳಿಯ ಮಾತಿಗೆ ಬಂದರೆ ನಮ್ಮ ಭಾಷೆಯೇ ಈ ಅಳತೆಯನ್ನು ಎಂದೋ ಮಾಡಿಟ್ಟಿದೆ. 'ಊರು' ಬೇರೆ, 'ಕೇರಿ' ಬೇರೆ. ಕೇರಿ ಎಂದರೆ ಬೀದಿ ಎಂಬ ಅರ್ಥ ನಿಘಂಟಿನಲ್ಲಿದೆ. ಆದರೆ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಯಾರಾದರೂ "ಅವರದು ಕೇರಿ" ಎಂದರೆ ಮುಂದೆ ವಿವರಣೆ ಬೇಕಾಗುವುದಿಲ್ಲ. ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಣತಿಯ ಪಟ್ಟಿಯಲ್ಲಿ ಮಾತ್ರ ನಮ್ಮ ಹಳ್ಳಿ ಒಂದೇ ಸಾಲು: ಒಟ್ಟು ಇಷ್ಟು ಜನ, ಅದರಲ್ಲಿ ಪರಿಶಿಷ್ಟ ಜಾತಿ ಇಷ್ಟು. ಆ ಸಾಲು ಓದಿದವರಿಗೆ ಹಳ್ಳಿಯಲ್ಲಿ ಎಲ್ಲರೂ ಅಕ್ಕಪಕ್ಕ ಇದ್ದಾರೆ ಅನ್ನಿಸಬೇಕು. ಮೇಲೆ ಹೇಳಿದ ಸಂಶೋಧಕರೇ ಮುಂದೆ ಕರ್ನಾಟಕದ ಹಳ್ಳಿಗಳ ಮನೆಮನೆಯ ಅಂಕಿ ಹಿಡಿದು ಹಳ್ಳಿಯ ಒಳಗಿನ ಬೇರ್ಪಡಿಕೆಯನ್ನು ಅಳೆದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮತ್ತು ಬಿಳಿ ಜನರ ನಡುವೆ ಸ್ಥಳೀಯವಾಗಿ ಇದ್ದ ಬೇರ್ಪಡಿಕೆಗಿಂತ ನಮ್ಮ ಹಳ್ಳಿಗಳ ಒಳಗಿನದು ಹೆಚ್ಚು. ಗುಲಾಮಗಿರಿಯ ನೆರಳು ಇನ್ನೂ ಬಿಡದ ಪ್ರದೇಶದ ಜತೆಗಿನ ಹೋಲಿಕೆ ಇದು. ಮೊದಲ ಸಲ ಓದಿದಾಗ ನಾನು ಆ ಪ್ಯಾರಾವನ್ನು ಎರಡು ಸಲ ಓದಿದೆ.

ಹಳ್ಳಿಯಲ್ಲಿ ಗೆರೆ ಎಂದೋ ಎಳೆದಾಗಿದೆ, ಸರಿ. ಯಾರು ಯಾರೋ ಗೊತ್ತಿಲ್ಲದ ಪಟ್ಟಣದಲ್ಲಿ ಅದೇ ಗೆರೆ ಮತ್ತೆ ಹೇಗೆ ಮೂಡುತ್ತದೆ? ಇದಕ್ಕೆ ಉತ್ತರ ನಮ್ಮಂಥ ವಲಸಿಗರಿಗೆ ಗೊತ್ತು. ಪುಣೆಗೆ ಬಂದ ಹೊಸತರಲ್ಲಿ ನಾನು ಮನೆ ಹುಡುಕುವಾಗ ಬ್ರೋಕರ್ ಕೇಳಿದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಕೊಡುತ್ತೀರಿ ಎಂದಲ್ಲ. "ಆಡನಾವ್ ಕಾಯ್?" ಅಡ್ಡಹೆಸರು ಏನು? ನಮ್ಮ ಹಳೇ ಮೈಸೂರು ಕಡೆಯವರಿಗೆ ಅಡ್ಡಹೆಸರು ಎಲ್ಲಿಂದ ಬರಬೇಕು? ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಆತನಿಗೆ ಅದರಿಂದ ಏನೂ ತಿಳಿಯಲಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆ, ವೆಜ್ಜಾ ನಾನ್‌ವೆಜ್ಜಾ? ಮೂರನೆಯದು, ಮನೆಯಲ್ಲಿ ಯಾವ ದೇವರು? ನನ್ನ ಉತ್ತರಗಳು ಅವನ ಪಟ್ಟಿಗೆ ಹೊಂದಿದವು, ಒಂದು ವಾರದಲ್ಲಿ ಬೀಗದ ಕೈ ಸಿಕ್ಕಿತು. ಕಲಬುರಗಿ ಕಡೆಯ ನನ್ನ ಸಹೋದ್ಯೋಗಿಗೆ ಹಾಗಾಗಲಿಲ್ಲ. ಸಂಬಳ ನನಗಿಂತ ಜಾಸ್ತಿ, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ, ಆದರೆ ಹೆಸರು ಹೇಳಿದ ಕೂಡಲೇ ಧರ್ಮ ತಿಳಿಯುತ್ತದೆ. ಫೋನಿನಲ್ಲಿ "ಖಾಲಿ ಇದೆ ಸಾರ್" ಎಂದ ಮನೆ, ಹೆಸರು ಕೇಳಿದ ಅರ್ಧ ಗಂಟೆಯಲ್ಲಿ "ಆಗಲೇ ಹೋಯ್ತು" ಆಗುತ್ತಿತ್ತು. ಎರಡೂವರೆ ತಿಂಗಳು ಅಲೆದು ಕೊನೆಗೆ ಅವರು ಮನೆ ಮಾಡಿದ್ದು ಕೊಂಢ್ವಾದಲ್ಲಿ. ಆಫೀಸಿನಿಂದ ಹದಿನಾಲ್ಕು ಕಿಲೋಮೀಟರು.

ನನ್ನ ನಕ್ಷೆಯಲ್ಲಿ ಅವರು ಈಗ ಕೊಂಢ್ವಾದ ಒಂದು ಚುಕ್ಕೆ. "ಅವರೆಲ್ಲ ಅಲ್ಲೇ ಇರಲು ಇಷ್ಟಪಡುತ್ತಾರೆ" ಎಂದು ಆ ಚುಕ್ಕೆಗಳನ್ನು ನೋಡಿ ಹೇಳುವವರು ಬೇಕಾದಷ್ಟು ಜನ. ಸೂಚ್ಯಂಕಕ್ಕೆ ಕಾರಣ ಗೊತ್ತಿಲ್ಲ. ತಾನಾಗಿ ಹೋದವರನ್ನೂ ತಳ್ಳಿಸಿಕೊಂಡು ಹೋದವರನ್ನೂ ಅದು ಒಂದೇ ರೀತಿ ಎಣಿಸುತ್ತದೆ.

ಓದಿಕೊಂಡವರು ಇಲ್ಲಿ ಥಾಮಸ್ ಶೆಲಿಂಗ್ ಹೆಸರು ತರುತ್ತಾರೆ. 1971ರಲ್ಲಿ ಆತ ಒಂದು ಸೊಗಸಾದ ಪ್ರಯೋಗ ಮುಂದಿಟ್ಟರು. ಚೌಕದ ಹಲಗೆಯ ಮೇಲೆ ಎರಡು ಬಗೆಯ ನಾಣ್ಯ ಚೆಲ್ಲಿ. ಪ್ರತಿ ನಾಣ್ಯಕ್ಕೂ ಒಂದೇ ಆಸೆ: ಸುತ್ತಲಿನವರಲ್ಲಿ ಒಂದಷ್ಟು ಮಂದಿ ನನ್ನವರಿರಲಿ, ಅಷ್ಟೇ. ಹಾಗಿಲ್ಲದ ನಾಣ್ಯವನ್ನು ಖಾಲಿ ಮನೆಗೆ ಸರಿಸುತ್ತಾ ಹೋದರೆ, ಯಾರಿಗೂ ಯಾರ ಮೇಲೂ ದ್ವೇಷ ಇಲ್ಲದೆಯೂ ಹಲಗೆ ಎರಡು ಭಾಗವಾಗಿಬಿಡುತ್ತದೆ. ಇದರಲ್ಲಿ ಸತ್ಯ ಇದೆ. ಮುಂಬೈಗೆ ಹೋದ ಕನ್ನಡಿಗರು ಮಾಟುಂಗಾ ಸುತ್ತ ಮನೆ ಹುಡುಕಿದ್ದು ಇಡ್ಲಿ, ಹೂವು, ಮಾತು ಸಿಗಲಿ ಎಂದೇ ಹೊರತು ಬೇರೆಯವರ ಮೇಲಿನ ಸಿಟ್ಟಿನಿಂದ ಅಲ್ಲ. ಆದರೆ ಶೆಲಿಂಗ್ ಹಲಗೆಯಲ್ಲಿ ಬ್ರೋಕರ್ ಇಲ್ಲ. ನಾಣ್ಯಕ್ಕೆ ಬೇಕಾದ ಖಾಲಿ ಚೌಕ ಯಾವತ್ತೂ ತೆರೆದೇ ಇರುತ್ತದೆ. ನಮ್ಮ ನಗರಗಳಲ್ಲಿ ಹಾಗಿಲ್ಲ ಎಂಬುದನ್ನು ಸುಖದೇವ್ ಥೋರಟ್ ಮತ್ತು ಜತೆಗಾರರು ದೆಹಲಿ, ನೋಯ್ಡಾ, ಗುರುಗ್ರಾಮ, ಫರಿದಾಬಾದ್, ಗಾಜಿಯಾಬಾದ್‌ಗಳಲ್ಲಿ ಪರೀಕ್ಷೆ ಮಾಡಿಯೇ ತೋರಿಸಿದರು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿ ಫೋನ್ ಮಾಡಿದರು, ನೇರವಾಗಿಯೂ ಹೋಗಿ ಕೇಳಿದರು. ದಲಿತ ಹೆಸರಿಗೆ ಮನೆ ಸಿಗುವುದು ಕಷ್ಟ, ಮುಸ್ಲಿಂ ಹೆಸರಿಗೆ ಇನ್ನೂ ಕಷ್ಟ. 2015ರಲ್ಲಿ ಅದು ಪ್ರಕಟವಾಯಿತು. ಸೂಚ್ಯಂಕ ಹೇಳದ್ದನ್ನು ಆ ಫೋನ್ ಕರೆಗಳು ಹೇಳಿದವು.

ಕಾನೂನೂ ಇಲ್ಲಿ ಬಲವಾಗಿ ನಿಂತಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಸದಸ್ಯತ್ವ ನಮ್ಮವರಿಗೆ ಮಾತ್ರ ಎಂದು ಮಾಡಿಕೊಂಡಿದ್ದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಹಕ್ಕು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಪಾರ್ಸಿಗಳಂಥ ಪುಟ್ಟ ಸಮುದಾಯಕ್ಕೆ ಸಿಕ್ಕ ಆ ನೆರಳಿನಲ್ಲಿ ಬಹುಸಂಖ್ಯಾತರ ಸೊಸೈಟಿಗಳೂ ಆರಾಮಾಗಿ ಕುಳಿತುಬಿಡಬಹುದು ಎಂಬುದೇ ನನ್ನ ತಕರಾರು.

ಅಳತೆಯ ತಾಂತ್ರಿಕ ತೊಡಕುಗಳನ್ನೂ ಹೇಳದೆ ಹೋದರೆ ಕಸುಬಿಗೆ ಮೋಸ. ಚದುರಂಗದ ಹಲಗೆ ನೋಡಿ: ಕಪ್ಪು ಚೌಕಗಳು ಪೂರ್ತಿ ಕಪ್ಪು, ಬಿಳಿ ಪೂರ್ತಿ ಬಿಳಿ. ಸೂಚ್ಯಂಕ 100. ಈಗ ಕಪ್ಪನ್ನೆಲ್ಲ ಎಡಕ್ಕೂ ಬಿಳಿಯನ್ನೆಲ್ಲ ಬಲಕ್ಕೂ ಒಟ್ಟಿ. ಆಗಲೂ 100. ಮೊದಲನೆಯದರಲ್ಲಿ ಪಕ್ಕದ ಬೀದಿ ದಾಟಿದರೆ ಇನ್ನೊಬ್ಬರು ಸಿಗುತ್ತಾರೆ, ಎರಡನೆಯದರಲ್ಲಿ ಬಸ್ ಹಿಡಿಯಬೇಕು. ಸೂತ್ರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ 1988ರಲ್ಲಿ ಮ್ಯಾಸಿ ಮತ್ತು ಡೆಂಟನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಬೇರ್ಪಡಿಕೆಗೆ ಒಂದಲ್ಲ, ಐದು ಮುಖ ಇವೆ ಎಂದು ವಾದಿಸಿದರು. ನನಗೆ ಅವುಗಳಲ್ಲಿ ಹೆಚ್ಚು ಇಷ್ಟ 'ಒಡನಾಟ'ದ ಅಳತೆ: ಒಂದು ಗುಂಪಿನ ಸಾಮಾನ್ಯ ವ್ಯಕ್ತಿಯ ನೆರೆಯಲ್ಲಿ ಇನ್ನೊಂದು ಗುಂಪಿನವರು ನೂರಕ್ಕೆ ಎಷ್ಟು? ಇದು ಮನುಷ್ಯರ ಪ್ರಶ್ನೆ, ಯಾರಿಗೂ ಅರ್ಥವಾಗುತ್ತದೆ.

ಇನ್ನೊಂದು ತೊಡಕು, ತೀರಾ ಸಣ್ಣ ಬ್ಲಾಕಿಗೆ ಇಳಿದರೆ ಬರೀ ಆಕಸ್ಮಿಕದಿಂದಲೂ ಸೂಚ್ಯಂಕ ಏರುತ್ತದೆ. ಊರಿನಲ್ಲಿ ನೂರಕ್ಕೆ ಒಬ್ಬರಿರುವ ಗುಂಪು, ಐವತ್ತು ಜನರ ಓಣಿ. ಚೀಟಿ ಎತ್ತಿ ಮನೆ ಹಂಚಿದರೂ ಅರ್ಧಕ್ಕಿಂತ ಹೆಚ್ಚು ಓಣಿಗಳಲ್ಲಿ ಅವರು ಒಬ್ಬರೂ ಇರುವುದಿಲ್ಲ. ಹಾಗಾಗಿ ಚೀಟಿ ಎತ್ತಿದ್ದರೆ ಎಷ್ಟು ಬರುತ್ತಿತ್ತು ಎಂದು ಕಂಪ್ಯೂಟರಿನಲ್ಲಿ ಸಾವಿರ ಸಲ ಆಡಿಸಿ ನೋಡಿ, ಅದಕ್ಕಿಂತ ಮೇಲಿನದನ್ನು ಮಾತ್ರ ಬೇರ್ಪಡಿಕೆ ಎನ್ನಬೇಕು. ಗೆರೆಗಳು ಬೇರೆ ಸುಮ್ಮನಿರುವುದಿಲ್ಲ. ಪುಣೆ ಪಾಲಿಕೆಗೆ 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಸೇರಿದವು. ಹಳೆಯ ಗಣತಿ ಹಳೆಯ ಗೆರೆಗೆ, ಇವತ್ತಿನ ಊರು ಇವತ್ತಿನ ಗೆರೆಗೆ. ಎರಡನ್ನೂ ಹೊಂದಿಸುವುದರಲ್ಲೇ ನನ್ನ ವರ್ಷದ ಮೂರು ತಿಂಗಳು ಹೋಗುತ್ತದೆ.

ಇಷ್ಟೆಲ್ಲ ಅಳೆದು ಏನಾಗಬೇಕು ಎನ್ನುವಿರಿ. ಶಾಲೆ, ಚರಂಡಿ, ಆಸ್ಪತ್ರೆ ಎಲ್ಲಿ ಬರುತ್ತವೆ ಎಂಬುದು ಆಗಬೇಕು. ಸ್ಯಾಮ್ ಆಶರ್, ಪಾಲ್ ನೊವೊಸಾದ್, ಅಂಜಲಿ ಅಡುಕಿಯಾ ಮತ್ತಿತರರು ದೇಶದ 15 ಲಕ್ಷ ನೆರೆಹೊರೆಗಳ ಅಂಕಿ ಜೋಡಿಸಿ ಮಾಡಿದ ಅಧ್ಯಯನದಲ್ಲಿ, ಮುಸ್ಲಿಮರಲ್ಲಿ ಶೇ 26ರಷ್ಟು ಮಂದಿ ಇರುವುದು ಶೇ 80ಕ್ಕಿಂತ ಹೆಚ್ಚು ಮುಸ್ಲಿಮರೇ ಇರುವ ನೆರೆಯಲ್ಲಿ. ಪರಿಶಿಷ್ಟ ಜಾತಿಯವರಲ್ಲಿ ಇಂಥ ನೆರೆಯಲ್ಲಿರುವವರು ಶೇ 17. ಅಂಥ ಕಡೆ ಸರ್ಕಾರಿ ಸೌಲಭ್ಯಗಳು ಕಡಿಮೆ. ಗಮನಿಸಬೇಕಾದ್ದು ಏನೆಂದರೆ, ಆ ಕೊರತೆ ಜಿಲ್ಲೆಗಳ ಅಥವಾ ಊರುಗಳ ನಡುವಿನದಲ್ಲ. ಹೆಚ್ಚುಕಡಿಮೆ ಪೂರ್ತಿಯಾಗಿ ಒಂದೇ ಊರಿನೊಳಗೆ, ನೆರೆ ನೆರೆಗಳ ನಡುವೆ ಇದೆ. ಜಿಲ್ಲೆಯ ಸರಾಸರಿ ನೋಡಿ ಹಣ ಹಂಚುವ ಅಧಿಕಾರಿಗೆ ಅದು ಕಾಣುವ ಪ್ರಮೇಯವೇ ಇಲ್ಲ. ನನ್ನ ಸಹೋದ್ಯೋಗಿಯ ಮಗಳು ಆರನೇ ಕ್ಲಾಸು. ಶಾಲೆಗೆ ಅವಳು ದಿನಾ ಮುಕ್ಕಾಲು ಗಂಟೆ ವ್ಯಾನಿನಲ್ಲಿ ಕೂರುತ್ತಾಳೆ. ಅಪ್ಪನಿಗೆ ಮೊದಲು ಕೇಳಿದ ಮನೆ ಸಿಕ್ಕಿದ್ದರೆ ನಡೆದೇ ಹೋಗಬಹುದಿತ್ತು.

ಈಗ ಹೊಸ ಗಣತಿ ಬರುತ್ತಿದೆ. ಎಣಿಕೆಯ ದಿನ 2027ರ ಮಾರ್ಚ್ 1. 1931ರ ನಂತರ ಮೊದಲ ಸಲ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಯಾವ ಜಾತಿ ಎಷ್ಟು ಎಂಬ ಜಗಳದಲ್ಲಿ ಪತ್ರಿಕೆಗಳು ತುಂಬಿಹೋಗಲಿವೆ. ಯಾರು ಎಲ್ಲಿ, ಯಾರ ಪಕ್ಕ ಎಂಬುದನ್ನು ಕೇಳುವವರು ಕಡಿಮೆ. ಬ್ಲಾಕಿನ ಅಂಕಿಯನ್ನೆಲ್ಲ ಬಯಲಿಗೆ ಬಿಡಿ ಎಂದು ನನ್ನ ಕಸುಬಿನವರೇ ಕೆಲವರು ಒತ್ತಾಯಿಸುತ್ತಾರೆ. ನಾನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಪಾನಿ ಮೂಲದ ಅಮೆರಿಕನ್ನರು ಯಾವ ಯಾವ ಬೀದಿಗಳಲ್ಲಿದ್ದಾರೆ ಎಂದು ಗುರುತಿಸಿ ಶಿಬಿರಗಳಿಗೆ ಸಾಗಿಸಲು ಅಲ್ಲಿನ 1940ರ ಗಣತಿಯ ಸಣ್ಣ ಪ್ರದೇಶಗಳ ಅಂಕಿ ನೆರವಾಯಿತು. ಗಲಭೆಯ ನೆನಪು ಹಸಿಯಾಗಿರುವ ನಮ್ಮ ನಗರಗಳಲ್ಲಿ ಯಾವ ಓಣಿ ಯಾರದು ಎಂಬ ಪಟ್ಟಿಯನ್ನು ಯಾರ ಕೈಗೆ ಬೇಕಾದರೂ ಸಿಗುವಂತೆ ಇಡುವುದು ಬೇಡ. ನಮ್ಮ 1948ರ ಗಣತಿ ಕಾಯ್ದೆ ಮನೆಮನೆಯ ದಾಖಲೆಯನ್ನು ಗುಟ್ಟಾಗಿಡುವುದು ಇಂಥದ್ದಕ್ಕೇ.

ಅದಕ್ಕೆ ದಾರಿ ಇದೆ. ಬ್ಲಾಕಿನ ಅಂಕಿ ಗಣತಿ ಇಲಾಖೆಯ ಒಳಗೇ ಇರಲಿ. ಲೆಕ್ಕ ಅವರೇ ಮಾಡಲಿ. ಈಗ ಪ್ರಕಟವಾಗುವ ಪಟ್ಟಿಯಲ್ಲಿ ಪ್ರತಿ ವಾರ್ಡಿನ ಸಾಲಿಗೆ, ಪ್ರತಿ ಹಳ್ಳಿಯ ಸಾಲಿಗೆ, ಇನ್ನೊಂದು ಕಾಲಂ ಸೇರಿಸಿದರೆ ಸಾಕು: ಇದರ ಒಳಗಿನ ಬ್ಲಾಕುಗಳ ನಡುವಿನ ಭಿನ್ನತಾ ಸೂಚ್ಯಂಕ. ಒಂದೇ ಬ್ಲಾಕಿನ ಸಣ್ಣ ಹಳ್ಳಿಗಳಿದ್ದರೆ ಊರು, ಕೇರಿ ಎಂದು ಎರಡಾಗಿ ಎಣಿಸಿಕೊಳ್ಳಲಿ. ಎಣಿಕೆಗೆ ಹೋಗುವ ಮೇಷ್ಟ್ರಿಗೆ ಅದು ಹೇಗೂ ಗೊತ್ತಿರುತ್ತದೆ. ಹಾಗೆ ಮಾಡಿದರೆ ಯಾರ ಮನೆಯ ವಿಳಾಸವೂ ಹೊರಗೆ ಬರುವುದಿಲ್ಲ. ಆ ಕಾಲಂ ಮೂರು ಅಂಕಿಯಷ್ಟು ಅಗಲ ಇದ್ದರೆ ಆಯಿತು.